ಹಸಿರೇ ಬೆಳೆಯದ ಊರಲ್ಲಿ ಆ ಅಜ್ಜಿ ಏನು ತಿಂದು ಬೆಳೆದರು?

ಪ್ರಶ್ನೆ: ಮಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ನರ್ಸ್. ಅವಳ ಬಾಣಂತನಕ್ಕೆ ಅಂತ ಇಲ್ಲಿಗೆ ಬಂದಿದ್ದೇನೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರ ಹುಟ್ಟೂರು ಇನ್ನೂ ಉತ್ತರದಲ್ಲಿರುವ ಪಾಯಿಂಟ್ ಹೋಪ್. ನಾನು ಕನ್ನಡದಲ್ಲಿ ಕೇಳಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಅವರಿಗೆ ಹೇಳುತ್ತಾಳೆ, ಹೀಗೆ ಮಾತು ನಡೆಯುತ್ತದೆ. ಮಣ್ಣು ಮುಚ್ಚಿದ ಮನೆಯಲ್ಲಿ ಬೆಳೆದದ್ದು, ತಿಮಿಂಗಿಲದ ಮಾಂಸವನ್ನು ನೆಲದೊಳಗೆ ಇಟ್ಟು ವರ್ಷವಿಡೀ ತಿಂದದ್ದು, ಅಪ್ಪ ಸೀಲ್ ಅನ್ನುವ ಕಡಲ ಪ್ರಾಣಿಯನ್ನು ಬೇಟೆಯಾಡಿ ತಂದರೆ ಅಮ್ಮ ಅದರ ಬಾಯಿಗೆ ನೀರು ಬಿಡುತ್ತಿದ್ದದ್ದು, ಎಲ್ಲ ಹೇಳುತ್ತಾರೆ. "ನಾವು ಬಡವರಾಗಿರಲಿಲ್ಲ" ಅಂತ ಮತ್ತೆ ಮತ್ತೆ ಹೇಳುತ್ತಾರೆ. ಅನ್ನ, ಕಾಯಿಪಲ್ಲೆ ಇಲ್ಲದೆ ಮಕ್ಕಳು ಹೇಗೆ ಬೆಳೆದರು? ಸತ್ತ ಪ್ರಾಣಿಗೆ ನೀರು ಯಾಕೆ? ವಯಸ್ಸಾದವರು ಹಳೆಯದನ್ನೆಲ್ಲ ಚಂದ ಮಾಡಿಯೇ ಹೇಳುತ್ತಾರೆ ಅಂತ ನಮ್ಮ ಯಜಮಾನರು ಅನ್ನುತ್ತಾರೆ. ಎಷ್ಟು ನಂಬಬಹುದು? ಇದನ್ನೆಲ್ಲ ಬರೆದಿಡುವ ಆಸೆ ಇದೆ. ಹೇಗೆ ಶುರು ಮಾಡಲಿ?
(ಓದುಗರೊಬ್ಬರು, ಹಾಸನದವರು, ಸದ್ಯ ಆಂಕರೇಜ್)

ಉತ್ತರ: ಅಜ್ಜಿ ಹೇಳುತ್ತಿರುವುದು ನಿಜ. ಮಣ್ಣಿನ ಮನೆ, ನೆಲದೊಳಗಿನ ಮಾಂಸ, ಸೀಲ್ ಬಾಯಿಗೆ ನೀರು, ಬಡತನ ಇರಲಿಲ್ಲ ಅನ್ನುವ ಮಾತು, ನಾಲ್ಕೂ ನಿಜ. ಉತ್ತರದ ಹಳ್ಳಿಗಳ ಊಟದ ಬಗ್ಗೆ ಬಹಳ ವರ್ಷದಿಂದ ಓದುತ್ತ, ಅಲ್ಲಿಯ ಹಿರಿಯರ ಮಾತುಗಳ ಧ್ವನಿಮುದ್ರಣ ಕೇಳುತ್ತ ಬಂದವನು ನಾನು. ನನಗೆ ಅನ್ನಿಸುವುದು ಇಷ್ಟು: ಈ ಹಿರಿಯರ ನೆನಪಿನಲ್ಲಿ ಇರುವುದು ಕೆಲಸದ ತಿಳಿವಳಿಕೆ. ಯಾವ ತಿಂಗಳಲ್ಲಿ ಏನು ಸಿಗುತ್ತದೆ, ಸಿಕ್ಕಿದ್ದನ್ನು ಕೆಡದಂತೆ ಇಡುವುದು ಹೇಗೆ, ಯಾರಿಗೆ ಯಾವ ಪಾಲು ಹೋಗಬೇಕು, ಈ ಮೂರರ ಲೆಕ್ಕ ಅದು. ಲೆಕ್ಕ ತಪ್ಪಿದರೆ ಚಳಿಗಾಲದಲ್ಲಿ ಊರೇ ಉಪವಾಸ. ಹಾಗಾಗಿ ಅದನ್ನು ಚಂದ ಮಾಡಿ ಹೇಳುವುದಕ್ಕೆ ಅಷ್ಟು ಜಾಗ ಇರಲಿಲ್ಲ.

ಊರು ಎಲ್ಲಿದೆ ಅಂತ ಒಮ್ಮೆ ನಕ್ಷೆಯಲ್ಲಿ ನೋಡಿ. ಅಲಾಸ್ಕಾದ ವಾಯವ್ಯ ಮೂಲೆಯಲ್ಲಿ ಚುಕ್ಚಿ ಸಮುದ್ರದೊಳಕ್ಕೆ ಬೆರಳಿನ ಹಾಗೆ ಚಾಚಿದ ನೆಲ. ಅಲ್ಲಿಯವರು ಅದನ್ನು ಟಿಕಿಗಾಕ್ ಅನ್ನುತ್ತಾರೆ. ಇನ್ಯುಪಿಯಾಟ್ ಅನ್ನುವ ಮೂಲನಿವಾಸಿ ಜನರ ಊರು. ಸುಮಾರು 68 ಡಿಗ್ರಿ ಉತ್ತರ ಅಕ್ಷಾಂಶ, ಅಂದರೆ ನಡುಚಳಿಗಾಲದಲ್ಲಿ ಒಂದು ತಿಂಗಳ ಹತ್ತಿರ ಸೂರ್ಯ ಹುಟ್ಟುವುದೇ ಇಲ್ಲ. ಮರ ಇಲ್ಲ, ಉಳುವ ನೆಲ ಇಲ್ಲ. ಆದರೂ ಉತ್ತರ ಅಮೆರಿಕದಲ್ಲಿ ಜನ ಬಿಡದೆ ವಾಸ ಮಾಡಿಕೊಂಡು ಬಂದ ಅತಿ ಹಳೆಯ ಜಾಗಗಳಲ್ಲಿ ಇದೂ ಒಂದು. 1939ರಲ್ಲಿ ಪುರಾತತ್ವದವರು ಪಕ್ಕದ ಇಪಿಯುಟಾಕ್‌ನಲ್ಲಿ ಅಗೆದಾಗ ನೂರಾರು ಮನೆಗಳ ಗುರುತು ಸಿಕ್ಕಿತು, ಸಾವಿರ ವರ್ಷಕ್ಕೂ ಎಷ್ಟೋ ಹಳೆಯವು. ಇಷ್ಟು ಜನ ಇಷ್ಟು ಕಾಲ ಒಂದೇ ಕಡೆ ನಿಂತದ್ದು ಸುಮ್ನೆ ಅಲ್ಲ. ವಸಂತದಲ್ಲಿ ಉತ್ತರಕ್ಕೆ ಹೋಗುವ ತಿಮಿಂಗಿಲಗಳು ಈ ಬೆರಳನ್ನು ಸುತ್ತಿಕೊಂಡೇ ಹೋಗಬೇಕು.

ಅಜ್ಜಿಯ ವರ್ಷ ಏಪ್ರಿಲ್‌ನಿಂದ ಶುರುವಾಗುತ್ತದೆ. ಅಥವಾ ಅದಕ್ಕೂ ಮುಂಚೆ, ಹೊಲಿಗೆಯಿಂದ. ತಿಮಿಂಗಿಲ ಬೇಟೆಗೆ ಹೋಗುವ ದೋಣಿ ಉಮಿಯಾಕ್. ತೇಲಿ ಬಂದ ಮರದ ಚೌಕಟ್ಟಿಗೆ ಗಡ್ಡದ ಸೀಲ್‌ನ ಆರೇಳು ಚರ್ಮ ಹೊದಿಸುತ್ತಾರೆ. ಈ ಚರ್ಮಗಳನ್ನು ಜೋಡಿಸಿ ಹೊಲಿಯುವುದು ಹೆಂಗಸರ ಕೆಲಸ, ಮತ್ತು ಇಡೀ ಬೇಟೆಯಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಕೆಲಸವೂ ಅದೇ. ದಾರ ಅಂದರೆ ಕ್ಯಾರಿಬೂ ಅನ್ನುವ ಕಾಡು ಹಿಮಸಾರಂಗದ ಬೆನ್ನಿನ ನರ. ಅದನ್ನು ಒಣಗಿಸಿ, ಎಳೆ ಎಳೆಯಾಗಿ ಸೀಳಿ, ಹೆಣೆದು ಇಟ್ಟುಕೊಂಡಿರುತ್ತಾರೆ. ಚರ್ಮದ ಎರಡು ಅಂಚನ್ನು ಒಂದರ ಮೇಲೊಂದು ಇಟ್ಟು ಹೊಲಿಯುವಾಗ ಸೂಜಿ ಚರ್ಮದ ಅರ್ಧ ದಪ್ಪಕ್ಕೆ ಮಾತ್ರ ಇಳಿಯಬೇಕು. ಆಚೆ ಬದಿಗೆ ತೂತು ಬೀಳಬಾರದು. ಒಂದು ಬದಿ ಹೊಲಿದು, ತಿರುಗಿಸಿ, ಇನ್ನೊಂದು ಬದಿಯಲ್ಲೂ ಹಾಗೆಯೇ. ಹೀಗೆ ಹೊಲಿದರೆ ಒಂದು ಹನಿ ನೀರೂ ಒಳಗೆ ಬರುವುದಿಲ್ಲ. ಚರ್ಮ ಒಣಗುವ ಮುಂಚೆ ಕೆಲಸ ಮುಗಿಯಬೇಕು, ಆದ್ದರಿಂದ ಹೆಂಗಸರೆಲ್ಲ ಗುಂಪಾಗಿ ಕೂತು ಎಡೆಬಿಡದೆ ಹೊಲಿಯುತ್ತಾರೆ. ಹೊಲಿಗೆ ಬಿಚ್ಚಿಕೊಂಡರೆ ಮಂಜಿನ ನೀರಲ್ಲಿ ಇರುವ ಗಂಡಸರಿಗೆ ಉಳಿಗಾಲ ಇಲ್ಲ. ಅಜ್ಜಿಗೆ ಸೂಜಿ ಹಿಡಿಯಲು ಯಾರು ಕಲಿಸಿದರು, ಮೊದಲು ಯಾವ ತುಂಡು ಹೊಲಿದರು ಅಂತ ಕೇಳಿ ನೋಡಿ.

ಬೇಟೆ ನಡೆಯುವುದು ಸಮುದ್ರದ ಮೇಲೆ ಹೆಪ್ಪುಗಟ್ಟಿದ ಮಂಜಿನ ಅಂಚಿನಲ್ಲಿ. ಗಾಳಿ ಬೀಸಿ ಮಂಜು ಬಿರಿದಾಗ ನೀರಿನ ಓಣಿ ತೆರೆಯುತ್ತದೆ. ಬೋಹೆಡ್ ತಿಮಿಂಗಿಲಗಳು ಉಸಿರಾಡುತ್ತ ಅಲ್ಲಿ ಹಾದು ಹೋಗುತ್ತವೆ. ಬೇಟೆಗಾರರು ಬಿಳಿ ಹೊದಿಕೆ ತೊಟ್ಟು, ಸದ್ದಿಲ್ಲದೆ, ವಾರಗಟ್ಟಲೆ ಅಲ್ಲೇ ಕಾಯುತ್ತಾರೆ. ಅಜ್ಜಿಯ ಅಪ್ಪನ ಕಾಲಕ್ಕೆ ಈಟಿಯ ಜೊತೆ ಮದ್ದಿನ ಸಿಡಿತಲೆಯೂ ಇತ್ತು. ಅದು 19ನೇ ಶತಮಾನದಲ್ಲಿ ಬಂದ ಅಮೆರಿಕದ ತಿಮಿಂಗಿಲ ಹಡಗುಗಳವರಿಂದ ಕಲಿತದ್ದು. ಹಿಡಿದ ತಿಮಿಂಗಿಲವನ್ನು ಮಂಜಿನ ಮೇಲೆ ಎಳೆಯುವುದಕ್ಕೆ ಊರಿಗೆ ಊರೇ ಹಗ್ಗಕ್ಕೆ ಕೈ ಹಾಕುತ್ತದೆ. ಉದ್ದದಲ್ಲಿ ಒಂದು ಅಡಿಗೆ ಸುಮಾರು ಒಂದು ಟನ್ ಅಂತ ಬೇಟೆಗಾರರ ಅಂದಾಜು. ಅಂದರೆ ಸಣ್ಣದೊಂದು ತಿಮಿಂಗಿಲ ಸಿಕ್ಕರೂ ಟನ್ನುಗಟ್ಟಲೆ ಊಟ.

ಆಮೇಲೆ ಕಡಲ ಮೇಲಿನ ಮಂಜು ಒಡೆಯುತ್ತ ಹೋದ ಹಾಗೆ ಗಡ್ಡದ ಸೀಲ್, ಉದ್ದ ಕೋರೆಹಲ್ಲಿನ ವಾಲ್ರಸ್. ಬೇಸಿಗೆಯ ಶುರುವಿನಲ್ಲಿ ಕೇಪ್ ಥಾಂಪ್ಸನ್‌ನ ಕಡಿದಾದ ಬಂಡೆಗಳಿಗೆ ಹೋಗಿ ಮರ್ ಅನ್ನುವ ಕಡಲಹಕ್ಕಿಯ ಮೊಟ್ಟೆ ತರುತ್ತಾರೆ. ಒಬ್ಬರನ್ನು ಹಗ್ಗ ಕಟ್ಟಿ ಮೇಲಿಂದ ಇಳಿಬಿಡುವುದು, ಅವರು ಬಂಡೆಯ ಅಂಚಿನಿಂದ ಒಂದೊಂದೇ ಮೊಟ್ಟೆ ಎತ್ತಿ ಚೀಲಕ್ಕೆ ಹಾಕುವುದು. ಕೋಳಿಮೊಟ್ಟೆಗಿಂತ ದೊಡ್ಡದು, ಒಂದು ತುದಿ ಚೂಪು, ನೀಲಿ-ಹಸಿರು ಬಣ್ಣದ ಮೇಲೆ ಕಪ್ಪು ಗೀಚು. ಒಂದರ ಗೀಚು ಇನ್ನೊಂದಕ್ಕೆ ಇರುವುದಿಲ್ಲ. ಹಕ್ಕಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆದರೆ ಮೊದಲಲ್ಲೇ ತೆಗೆದರೆ ಮತ್ತೊಂದು ಇಡುತ್ತದೆ. ಅದಕ್ಕೇ ಬೇಗ ಹೋಗುತ್ತಾರೆ, ತಡವಾಗಿ ಹೋಗುವುದಿಲ್ಲ. ಈ ಬಂಡೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಸ್ಟ್‌ನಲ್ಲಿ ಹಣ್ಣು. ಆಮೇಲೆ ಕ್ಯಾರಿಬೂ. ಶರತ್ಕಾಲದಲ್ಲಿ ಹೊಡೆದ ಕ್ಯಾರಿಬೂ ಚರ್ಮ ಬಟ್ಟೆಗೆ ಹದ, ಅದರ ಕೂದಲು ಒಳಗೆ ಟೊಳ್ಳಾಗಿರುವುದರಿಂದ ಚಳಿ ತಡೆಯುತ್ತದೆ. ನದಿ ಹೆಪ್ಪುಗಟ್ಟಿದಾಗ ಕುಕ್‌ಪುಕ್ ನದಿಗೆ ಹೋಗಿ ಮಂಜಿಗೆ ತೂತು ಕೊರೆದು ಮೀನು. ಕತ್ತಲ ತಿಂಗಳುಗಳಲ್ಲಿ ಸೀಲ್. ಮತ್ತೆ ಹೊಲಿಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಾಯಿಪಲ್ಲೆ ಇಲ್ಲದೆ ಮಕ್ಕಳು ಹೇಗೆ ಬೆಳೆದರು ಅನ್ನುವುದು.

ತರಕಾರಿ ಇಲ್ಲದೆ ಹೋದರೆ ನಾವು ಮೊದಲು ಹೆದರುವುದು ಸಿ ಜೀವಸತ್ವಕ್ಕೆ. ಅದಿಲ್ಲದೆ ಒಸಡು ಕೊಳೆತು ಸತ್ತ ಹಡಗಿನವರ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆದರೆ ಆ ರೋಗ ತಡೆಯಲು ದಿನಕ್ಕೆ ಸುಮಾರು 10 ಮಿಲಿಗ್ರಾಂ ಸಾಕು. ತಿಮಿಂಗಿಲದ ಚರ್ಮ ಮತ್ತು ಅದಕ್ಕೆ ಅಂಟಿದ ಕೊಬ್ಬಿಗೆ ಮಕ್ಟಕ್ ಅನ್ನುತ್ತಾರೆ. ಉತ್ತರದ ತಿಮಿಂಗಿಲಗಳ ಹಸಿ ಮಕ್ಟಕ್ ಅಳೆದಾಗ 100 ಗ್ರಾಂನಲ್ಲಿ 30 ಮಿಲಿಗ್ರಾಂಗೂ ಮೀರಿ ಸಿ ಜೀವಸತ್ವ ಸಿಕ್ಕಿದೆ. ಹಸಿ ಪಿತ್ತಜನಕಾಂಗದಲ್ಲೂ ಇದೆ. ಗುಟ್ಟು ಇರುವುದು "ಹಸಿ" ಅನ್ನುವುದರಲ್ಲಿ. ಬೇಯಿಸಿದರೆ ಈ ಜೀವಸತ್ವದ ಬಹುಪಾಲು ಹೋಗುತ್ತದೆ. ಹೊರಗಿನಿಂದ ಬಂದವರು ಇವರು ಹಸಿ ತಿನ್ನುವುದನ್ನು ನೋಡಿ ಮೂಗು ಮುರಿದರು, ಕಾಡು ಜನ ಅಂದರು. ಹಾಗಂದವರ ಹಡಗಿನಲ್ಲಿ ಉಪ್ಪು ಹಾಕಿ ಬೇಯಿಸಿದ ಮಾಂಸ ತಿಂದ ಜನ ಸಾಯುತ್ತಿದ್ದರು, ಹಸಿ ತಿಂದವರು ಗಟ್ಟಿಯಾಗಿದ್ದರು. ಈ ಅವಮಾನ ಹಿರಿಯರ ಮನಸ್ಸಿನಲ್ಲಿ ಇನ್ನೂ ಇದೆ, ಆದ್ದರಿಂದ ಊಟದ ವಿಷಯ ಕೇಳುವಾಗ ಮುಖ ಕಿವುಚಬೇಡಿ.

ಎರಡನೆಯದು ಕೊಬ್ಬು. ನಮ್ಮಲ್ಲಿ ಕೊಬ್ಬು ಅಂದರೆ ಡಾಕ್ಟರ್ ಬೇಡ ಅನ್ನುವ ಪದಾರ್ಥ. ಅಲ್ಲಿ ಅದು ಅನ್ನದ ಜಾಗದಲ್ಲಿ ಇದೆ. ಬರೀ ತೆಳು ಮಾಂಸ ತಿಂದು ಮನುಷ್ಯ ಬದುಕಲಾರ. ಪ್ರೋಟೀನ್ ಒಂದು ಮಿತಿ ದಾಟಿದರೆ, ದಿನದ ಶಕ್ತಿಯ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ, ದೇಹ ಅದನ್ನು ತಾಳುವುದಿಲ್ಲ. ಹೊಟ್ಟೆ ತುಂಬಿದ್ದರೂ ಹಸಿವು, ಬೇಧಿ, ತಲೆನೋವು, ಸುಸ್ತು. ಮೊಲ ಮಾತ್ರ ತಿಂದು ಹೀಗೆ ಸೊರಗಿ ಸತ್ತವರಿದ್ದಾರೆ. ಅದಕ್ಕೇ ಸೀಲ್ ಎಣ್ಣೆ ಪ್ರತಿ ಊಟದಲ್ಲಿ ಇರಲೇಬೇಕು. ಸೀಲ್‌ನ ಕೊಬ್ಬನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ತಂಪಾದ ಜಾಗದಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ತಾನೇ ಕರಗಿ ಎಣ್ಣೆಯಾಗುತ್ತದೆ. ಒಣಗಿದ ಮಾಂಸ, ಒಣಗಿದ ಮೀನು, ಏನಿದ್ದರೂ ಅದರಲ್ಲಿ ಅದ್ದಿ ತಿನ್ನುವುದು. ಸೂರ್ಯ ಇಲ್ಲದ ತಿಂಗಳುಗಳಲ್ಲಿ ಬೇಕಾದ ಡಿ ಜೀವಸತ್ವವೂ ಈ ಎಣ್ಣೆ ಮತ್ತು ಮೀನಿನಿಂದಲೇ ಬರುತ್ತಿತ್ತು.

ಇನ್ನು, ಹಸಿರು ಏನೂ ಇರಲಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ತರಕಾರಿ ಬೆಳೆಯುವುದಿಲ್ಲ, ಅಷ್ಟೇ. ಬೇಸಿಗೆಯಲ್ಲಿ ಗಿಡ್ಡ ವಿಲೋ ಗಿಡದ ಎಳೆ ಚಿಗುರು ಕಿತ್ತು ಸೀಲ್ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ, ಚಳಿಗಾಲಕ್ಕೆ. ಕಿತ್ತಳೆ ಬಣ್ಣದ ಅಕ್ಪಿಕ್ ಹಣ್ಣೂ ಹಾಗೆಯೇ. ಸಿಹಿಯಾದ ಒಂದು ಬೇರನ್ನು ನೆಲದಿಂದ ಅಗೆಯುತ್ತಾರೆ. ದಕ್ಷಿಣಕ್ಕೆ ಇರುವ ಯೂಪಿಕ್ ಅನ್ನುವ ಇನ್ನೊಂದು ಮೂಲನಿವಾಸಿ ಜನರ ಹೆಂಗಸರು ಇನ್ನೊಂದು ಕೆಲಸ ಮಾಡುತ್ತಾರೆ. ಬಯಲಿನ ಇಲಿ ಚಳಿಗಾಲಕ್ಕೆ ಕೂಡಿಟ್ಟ ಬೇರುಗಳ ಗೂಡನ್ನು ಕಾಲಿನಿಂದ ಒತ್ತಿ ಒತ್ತಿ ಹುಡುಕಿ, ಒಂದಷ್ಟು ತೆಗೆದುಕೊಂಡು, ಬದಲಿಗೆ ಒಣಮೀನಿನ ಚೂರು ಇಟ್ಟು ಬರುತ್ತಾರೆ. ಪೂರ್ತಿ ಬಾಚಿಕೊಳ್ಳುವುದಿಲ್ಲ. ಇಲಿಯೂ ಚಳಿಗಾಲ ಕಳೆಯಬೇಕಲ್ಲ.

ತಿನ್ನಬಾರದ್ದು ಯಾವುದು ಅನ್ನುವುದೂ ಚೆನ್ನಾಗಿ ಗೊತ್ತಿತ್ತು. ಹಿಮಕರಡಿಯ ಪಿತ್ತಜನಕಾಂಗ ಮುಟ್ಟಬಾರದು. ಅದರಲ್ಲಿ ಎ ಜೀವಸತ್ವ ವಿಷವಾಗುವಷ್ಟು ಇದೆ ಅಂತ ವಿಜ್ಞಾನಿಗಳು ತೋರಿಸಿದ್ದು 20ನೇ ಶತಮಾನದಲ್ಲಿ. ಉತ್ತರದ ಮಕ್ಕಳಿಗೆ ಅದು ತಾಯಿ ಹೇಳಿಕೊಟ್ಟ ಪಾಠ.

ನೆಲದೊಳಗಿನ ಮಾಂಸದ ಬಗ್ಗೆ. ಅಲ್ಲಿ ನೆಲ ಸ್ವಲ್ಪ ಕೆಳಗೆ ಹೋದರೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದರಲ್ಲಿ ಆಳುದ್ದಕ್ಕೂ ಮೀರಿದ ಗುಂಡಿ ತೋಡಿ, ಬಾಯಿಗೆ ಮುಚ್ಚಳ ಹಾಕಿ, ಏಣಿಯಲ್ಲಿ ಇಳಿಯುವಂತೆ ಮಾಡಿದ್ದು ಸಿಗ್ಲುವಾಕ್. ಪ್ರತಿ ವಸಂತದಲ್ಲಿ, ಬೇಟೆಗೆ ಹೋಗುವ ಮುಂಚೆ, ಅದನ್ನು ಕೆರೆದು ತೊಳೆದು ಹೊಸ ಹಿಮ ಹಾಸಬೇಕು. ಗುಂಡಿ ಕೊಳಕಾಗಿದ್ದರೆ ತಿಮಿಂಗಿಲ ಆ ಮನೆಗೆ ಬರುವುದಿಲ್ಲ ಅಂತ ನಂಬಿಕೆ. ನಮ್ಮಲ್ಲಿ ಮಳೆಗಾಲ ಬರುವ ಮುಂಚೆ ಸೌದೆ ಒಟ್ಟಿ, ಹಪ್ಪಳ-ಸಂಡಿಗೆ ಡಬ್ಬಿಗೆ ತುಂಬಿ, ಅಟ್ಟ ಗುಡಿಸುತ್ತಿದ್ದ ಅಜ್ಜಿಯರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಂದು ವ್ಯತ್ಯಾಸ ಇದೆ: ಗುಂಡಿಯ ಒಳಗೆ ಇರುವುದು ಮನೆಯವರದ್ದು ಮಾತ್ರ ಆಗಿರುವುದಿಲ್ಲ, ಊರಿನ ಪಾಲೂ ಅಲ್ಲೇ ಇರುತ್ತದೆ.

ಇಡುವ ವಿದ್ಯೆಯಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಮಿಕಿಗಾಕ್. ತಿಮಿಂಗಿಲದ ಮಾಂಸ, ನಾಲಿಗೆ, ಸ್ವಲ್ಪ ಮಕ್ಟಕ್, ಎಲ್ಲವನ್ನೂ ಸಣ್ಣಗೆ ಕೊಯ್ದು ಅದರ ರಕ್ತದಲ್ಲೇ ಹುದುಗಲು ಬಿಡುತ್ತಾರೆ. ದಿನಕ್ಕೆ ಹಲವು ಸಲ ಕೈಯಾಡಿಸುತ್ತಲೇ ಇರಬೇಕು. ಒಂದು ಹೊತ್ತು ಮರೆತರೆ, ಒಂದಿಷ್ಟು ಬೆಚ್ಚಗಾದರೆ ಹದ ತಪ್ಪುತ್ತದೆ, ಆಮೇಲೆ ಎಸೆಯಬೇಕು. ಮೂಗಿನಲ್ಲೇ ಗೊತ್ತಾಗುತ್ತದೆ ಅನ್ನುತ್ತಾರೆ ಮಾಡಿ ಬಲ್ಲವರು. ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಊಟದಿಂದ ಬರುವ ಬಾಟ್ಯುಲಿಸಂ ಅನ್ನುವ ಮಾರಕ ವಿಷಬಾಧೆ ಅತಿ ಹೆಚ್ಚು ಪ್ರಮಾಣದಲ್ಲಿ ಕಾಣುವುದು ಅಲಾಸ್ಕಾದಲ್ಲೇ. ಹಳೆಯ ಕ್ರಮದಲ್ಲಿ ತಣ್ಣನೆಯ, ಹುಲ್ಲು ಹಾಸಿದ ಗುಂಡಿಯಲ್ಲಿ ಹುದುಗಿಸುತ್ತಿದ್ದರು. ಪ್ಲಾಸ್ಟಿಕ್ ಬಕೆಟ್, ಗಾಜಿನ ಜಾಡಿ ಬಂದ ಮೇಲೆ ಗಾಳಿಯಾಡದ ಹಾಗೆ ಮುಚ್ಚಿ ಬೆಚ್ಚಗಿನ ಮನೆಯೊಳಗೆ ಇಡುವುದು ಶುರುವಾಯಿತು. ಆ ವಿಷದ ಬ್ಯಾಕ್ಟೀರಿಯಕ್ಕೆ ಬೇಕಾದದ್ದೂ ಅದೇ. ಆಹಾರ ಹಳೆಯದೇ, ಪಾತ್ರೆ ಬದಲಾಯಿತು, ಜೀವ ಹೋಯಿತು. ಅದಕ್ಕೇ ಹೇಳುವುದು, ಅಜ್ಜಿಯಿಂದ ಪಾಕವಿಧಾನ ಬರೆದುಕೊಳ್ಳುವಾಗ ಏನು ಹಾಕಿದರು ಅನ್ನುವುದಕ್ಕಿಂತ ಎಲ್ಲಿ ಇಟ್ಟರು, ಎಷ್ಟು ತಂಪಿತ್ತು ಅಂತ ಕೇಳಿ. ಬರೆದುಕೊಂಡದ್ದನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ.

ಈಗೀಗ ಆ ಗುಂಡಿಗಳೇ ಸೋಲುತ್ತಿವೆ. ನೆಲ ಬಿಸಿಯಾಗಿ ಒಳಗೆ ನೀರು ಜಿನುಗುತ್ತಿದೆ, ಮಾಂಸ ಕೆಡುತ್ತಿದೆ. ಕರೆಂಟಿನ ಫ್ರೀಜರ್ ಇದೆ, ನಿಜ. ಆದರೆ ಒಂದು ತಿಮಿಂಗಿಲ ಎಷ್ಟು ಫ್ರೀಜರ್‌ನಲ್ಲಿ ಹಿಡಿಯುತ್ತದೆ? ಮೇಲಾಗಿ, ಸಿಗ್ಲುವಾಕ್‌ನಲ್ಲಿ ನಿಧಾನಕ್ಕೆ ಮಾಗಿದ ರುಚಿ ಫ್ರೀಜರ್‌ನಲ್ಲಿ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ.

ಸೀಲ್‌ನ ಬಾಯಿಗೆ ನೀರು ಬಿಡುವುದು. ಸಮುದ್ರದ ಪ್ರಾಣಿ ಉಪ್ಪುನೀರಿನಲ್ಲೇ ಇರುವುದರಿಂದ ಅದಕ್ಕೆ ಸಿಹಿನೀರಿನ ದಾಹ ಇರುತ್ತದೆ ಅಂತ ಇನ್ಯುಪಿಯಾಟ್ ಜನರ ತಿಳಿವಳಿಕೆ. ಅದು ಮನೆಗೆ ಬಂದ ಅತಿಥಿ. ತಾನಾಗಿ ತನ್ನನ್ನು ಕೊಟ್ಟುಕೊಂಡಿದೆ. ಆದ್ದರಿಂದ ಮನೆಯಾಕೆ ಮೊದಲು ಅದಕ್ಕೆ ಕುಡಿಯಲು ಕೊಡುತ್ತಾಳೆ. ನೀರು ಸಿಕ್ಕ ಸೀಲ್‌ನ ಜೀವ ಮತ್ತೆ ಹುಟ್ಟಿ ಆ ಮನೆಗೇ ಬರುತ್ತದೆ, ಬೇರೆ ಸೀಲ್‌ಗಳಿಗೂ ಹೇಳುತ್ತದೆ. ತಿಮಿಂಗಿಲಕ್ಕೂ ಹೀಗೆಯೇ. ದೋಣಿಯ ಯಜಮಾನನನ್ನು ಉಮಿಯಾಲಿಕ್ ಅನ್ನುತ್ತಾರೆ. ಆತನ ಹೆಂಡತಿ ವಿಶೇಷವಾದ ಪಾತ್ರೆಯಲ್ಲಿ ಸಿಹಿನೀರು ತಂದು ತಿಮಿಂಗಿಲವನ್ನು ಬರಮಾಡಿಕೊಳ್ಳುತ್ತಿದ್ದಳು. ಪಾಯಿಂಟ್ ಹೋಪ್‌ನಲ್ಲಿ ತಿಮಿಂಗಿಲದ ತಲೆಬುರುಡೆಯನ್ನು ಇಂದಿಗೂ ಸಮುದ್ರಕ್ಕೆ ಮರಳಿಸುತ್ತಾರೆ. 1890ರಿಂದ ಮಿಷನರಿಗಳು ಬಂದರು, ಊರು ಕ್ರೈಸ್ತವಾಯಿತು. ಆದರೂ ಈ ನಡತೆ ಪೂರ್ತಿ ಬಿಡಲಿಲ್ಲ. ಅಮ್ಮ ಹಾಗೆ ಮಾಡುತ್ತಿದ್ದದ್ದು ಅಜ್ಜಿಗೆ ನೆನಪಿರುವುದರಲ್ಲಿ ಅಚ್ಚರಿಯಿಲ್ಲ.

"ಬಡವರಾಗಿರಲಿಲ್ಲ" ಅನ್ನುವುದಕ್ಕೆ ಬರೋಣ. ದುಡ್ಡಿನ ಲೆಕ್ಕದಲ್ಲಿ ಅವರ ಮನೆಯಲ್ಲಿ ಏನೂ ಇದ್ದಿರಲಿಕ್ಕಿಲ್ಲ. ಆದರೆ ಅಲ್ಲಿ ದೊಡ್ಡ ಮನುಷ್ಯ ಅಂದರೆ ಜಾಸ್ತಿ ಕೊಟ್ಟವನು. ತಿಮಿಂಗಿಲ ಹಿಡಿದ ದೋಣಿಗೆ ಒಂದು ಪಾಲು, ನೆರವಿಗೆ ಬಂದ ದೋಣಿಗಳಿಗೆ ಬಂದ ಸರದಿಯಂತೆ ಪಾಲು, ಯಾವ ಭಾಗ ಯಾರಿಗೆ ಅನ್ನುವುದು ಮೊದಲೇ ಗೊತ್ತು, ಜಗಳಕ್ಕೆ ಜಾಗ ಇಲ್ಲ. ಮುದುಕರಿಗೆ, ವಿಧವೆಯರಿಗೆ ಮನೆಬಾಗಿಲಿಗೆ ಹೋಗುತ್ತದೆ. ಜೂನ್‌ನಲ್ಲಿ ಕಗ್ರುಕ್ ಅನ್ನುವ ಹಬ್ಬ. ಮೂರು ದಿನ. ಗೆದ್ದ ಉಮಿಯಾಲಿಕ್‌ಗಳು ಇಡೀ ಊರಿಗೆ ಬಡಿಸುತ್ತಾರೆ, ಚರ್ಮದ ಹಾಸನ್ನು ಸುತ್ತಲೂ ಹಿಡಿದು ಜನರನ್ನು ಆಕಾಶಕ್ಕೆ ಚಿಮ್ಮಿಸುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬಾಲದ ಕಡೆಯ ಭಾಗವನ್ನು ಸಿಗ್ಲುವಾಕ್‌ನಲ್ಲಿ ಎತ್ತಿಡುತ್ತಾರೆ. ಶರತ್ಕಾಲದಲ್ಲಿ ಕಡಲ ಅಂಚಿನಲ್ಲಿ ಮೊದಲ ಮಂಜುಗಂಜಿ ಕಟ್ಟಿದಾಗ ಅದನ್ನು ತೆಗೆದು ಮತ್ತೆ ಎಲ್ಲರಿಗೂ ಹಂಚುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಯಜಮಾನನ ಕೈಯಲ್ಲಿ ಬಹಳ ಏನೂ ಉಳಿದಿರುವುದಿಲ್ಲ, ಹೆಸರು ಮಾತ್ರ ಉಳಿದಿರುತ್ತದೆ. ಇಂಥ ಊರಲ್ಲಿ ಬೆಳೆದ ಮಗುವಿಗೆ ತಾನು ಬಡವಿ ಅಂತ ಅನ್ನಿಸುವುದು ಹೇಗೆ? ಬಡತನ ಅನ್ನುವುದು ಅಲ್ಲಿಗೆ ಬಂದದ್ದು ಅಂಗಡಿ ಸಾಮಾನು, ಪೆಟ್ರೋಲ್ ಬಂದ ಮೇಲೆ. 1960ರ ದಶಕದ ತನಕ ನಾಯಿಗಳು ಎಳೆಯುವ ಗಾಡಿ. ನಾಯಿಗೆ ಸೀಲ್, ವಾಲ್ರಸ್ ಹಾಕಿದರೆ ಆಯಿತು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಬಂತು, ಅದು ಸೀಲ್ ತಿನ್ನುವುದಿಲ್ಲ. ಬೇಟೆಗೆ ಹೋಗಬೇಕಾದರೆ ಸಂಬಳದ ಕೆಲಸ ಬೇಕು, ಸಂಬಳದ ಕೆಲಸ ಇದ್ದರೆ ಬೇಟೆಗೆ ಪುರುಸೊತ್ತಿಲ್ಲ.

ನಿಮ್ಮ ಯಜಮಾನರ ಸಂದೇಹ ನ್ಯಾಯವಾದದ್ದೇ. ಆದರೆ ಇದೇ ಜನರ ನೆನಪು ಮತ್ತು ಸರ್ಕಾರದ ಕಾಗದ ಎದುರುಬದುರಾದ ಎರಡು ಸಂದರ್ಭ ಅವರಿಗೆ ಹೇಳಿ.

ಮೊದಲನೆಯದು ಅಜ್ಜಿ ಕಣ್ಣಾರೆ ಕಂಡಿರಬಹುದಾದದ್ದು. 1958ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗ ಒಂದು ಯೋಜನೆ ಹಾಕಿತು, ಹೆಸರು ಪ್ರಾಜೆಕ್ಟ್ ಚಾರಿಯಟ್. ಹೈಡ್ರೋಜನ್ ಬಾಂಬಿನ ಪಿತಾಮಹ ಅಂತ ಹೆಸರಾದ ಎಡ್ವರ್ಡ್ ಟೆಲ್ಲರ್ ಅದರ ಬೆನ್ನಿಗೆ ನಿಂತಿದ್ದರು. ಪರಮಾಣು ಬಾಂಬುಗಳನ್ನು ಸಿಡಿಸಿ ಒಂದೇ ಏಟಿಗೆ ಬಂದರು ತೋಡುವುದು! ಜಾಗ ಯಾವುದು ಗೊತ್ತೇ? ಕೇಪ್ ಥಾಂಪ್ಸನ್ ಹತ್ತಿರ. ಮೊಟ್ಟೆಯ ಬಂಡೆ, ಕ್ಯಾರಿಬೂ ಓಡಾಡುವ ಬಯಲು, ಪಾಯಿಂಟ್ ಹೋಪ್‌ನಿಂದ ಸುಮಾರು 50 ಕಿಲೋಮೀಟರ್. ಅಧಿಕಾರಿಗಳ ಕಣ್ಣಿಗೆ ಅದು ಖಾಲಿ ನೆಲ. ಆಗ 300 ಚಿಲ್ಲರೆ ಜನ ಇದ್ದ ಆ ಊರು 1959ರಲ್ಲಿ ಒಮ್ಮತದಿಂದ ಬೇಡ ಅಂದಿತು. 1960ರ ಮಾರ್ಚ್‌ನಲ್ಲಿ ಅಧಿಕಾರಿಗಳು ಊರಿಗೇ ಬಂದು ಮೀನಿಗೆ, ಪ್ರಾಣಿಗೆ ಏನೂ ಆಗುವುದಿಲ್ಲ ಅಂತ ಭರವಸೆ ಕೊಟ್ಟರು. ಊರಿನವರು ಆ ಸಭೆಯನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಆ ಟೇಪಿನಲ್ಲಿ ಊರಿನ ಹೆಂಗಸರೂ ಎದ್ದು ಮಾತಾಡುತ್ತಾರೆ: ಈ ನೆಲದಿಂದ ನಾವು ಊಟ ಮಾಡುತ್ತೇವೆ, ನಮಗೆ ಈ ಸ್ಫೋಟ ಬೇಡ. 1961ರಲ್ಲಿ ಅಧ್ಯಕ್ಷ ಕೆನಡಿಗೆ ಪತ್ರ ಹೋಯಿತು. ಪರಿಸರ ಅಧ್ಯಯನಕ್ಕೆ ಬಂದ ವಿಜ್ಞಾನಿಗಳಿಗೂ ಗೊತ್ತಾಯಿತು: ಬಾಂಬಿನ ಧೂಳು ಕಲ್ಲುಹೂವಿನ ಮೇಲೆ ಬೀಳುತ್ತದೆ, ಕಲ್ಲುಹೂವು ಕ್ಯಾರಿಬೂ ಹೊಟ್ಟೆಗೆ, ಕ್ಯಾರಿಬೂ ಮನುಷ್ಯರ ಹೊಟ್ಟೆಗೆ. ಹಳ್ಳಿಯವರು ಹೇಳಿದ್ದೂ ಅದೇ. 1962ರಲ್ಲಿ ಯೋಜನೆ ನಿಂತಿತು. ಅದೇ ವರ್ಷ ಅಲ್ಲಿ ಪ್ರಯೋಗಕ್ಕೆ ಅಂತ ತಂದ ವಿಕಿರಣದ ಮಣ್ಣನ್ನು ಯಾರಿಗೂ ಹೇಳದೆ ಹೂತುಹೋದರು. ಅದು ಊರಿಗೆ ಗೊತ್ತಾದದ್ದು 1992ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಪಾಯಿಂಟ್ ಹೋಪ್‌ನಲ್ಲೇ ಹುಟ್ಟಿದ ಕಲಾವಿದ ಹಾವರ್ಡ್ ರಾಕ್ 1962ರಲ್ಲಿ ಟಂಡ್ರಾ ಟೈಮ್ಸ್ ಪತ್ರಿಕೆ ಶುರು ಮಾಡಿದ್ದಕ್ಕೆ ಈ ಹೋರಾಟವೂ ಕಾರಣ. ಅಜ್ಜಿಗೆ ಅವರ ಹೆಸರು ಖಂಡಿತ ಗೊತ್ತಿರುತ್ತದೆ.

ಎರಡನೆಯದು ತಿಮಿಂಗಿಲದ ಎಣಿಕೆ. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲಾಸ್ಕಾದ ಜನ ಬೋಹೆಡ್ ಹಿಡಿಯುವುದನ್ನೇ ನಿಷೇಧಿಸಿತು. ಉಳಿದಿರುವುದು 2,000ಕ್ಕಿಂತ ಕಡಿಮೆ ಅಂತ ವಿಜ್ಞಾನಿಗಳ ಅಂದಾಜು. ಅವರು ಎಣಿಸಿದ್ದು ಮಂಜಿನ ಅಂಚಿನಲ್ಲಿ ನಿಂತು, ಕಣ್ಣಿಗೆ ಕಂಡದ್ದನ್ನು. ಹಿರಿಯ ಬೇಟೆಗಾರರು ಅಂದರು: ತಿಮಿಂಗಿಲ ಬರೀ ತೆರೆದ ನೀರಿನಲ್ಲಿ ಹೋಗುವುದಿಲ್ಲ, ಮಂಜಿನ ಅಡಿಯಲ್ಲೂ ಹೋಗುತ್ತದೆ, ತಲೆಯಿಂದ ಮಂಜು ಒಡೆದು ಉಸಿರಾಡುತ್ತದೆ, ದೂರದಲ್ಲೂ ಹೋಗುತ್ತದೆ. ಆಗ ಬ್ಯಾರೋ ಅಂತ ಕರೆಯುತ್ತಿದ್ದ, ಈಗ ಉಟ್ಕಿಯಾಗ್ವಿಕ್ ಆಗಿರುವ ಊರಿನ ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಈ ಮಾತನ್ನು ವಿಜ್ಞಾನಿ ಥಾಮಸ್ ಆಲ್ಬರ್ಟ್ ಅವರಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಆಲ್ಬರ್ಟ್ ಕಿವಿಗೊಟ್ಟರು. 1980ರ ದಶಕದಲ್ಲಿ ಮಂಜಿನ ಕೆಳಗೆ ಮೈಕ್ ಇಳಿಸಿ ಕೇಳಿದರೆ, ಕಾಣದ ಕಡೆಯೆಲ್ಲ ತಿಮಿಂಗಿಲಗಳ ದನಿ. ಎಣಿಕೆಯ ಕ್ರಮವೇ ಬದಲಾಯಿತು. ಸಂಖ್ಯೆಯೂ ನಿಜಕ್ಕೂ ಬೆಳೆಯುತ್ತ ಬಂತು, 2011ರ ಎಣಿಕೆಗೆ ಸುಮಾರು 17,000. ನಡುವೆ ಪೂರ್ತಿ ನಿಷೇಧದ ಬದಲು 1978ಕ್ಕೆ ಎಲ್ಲ ಹಳ್ಳಿಗಳಿಗೂ ಸೇರಿ 12 ತಿಮಿಂಗಿಲ ಅಂತ ಮಿತಿ ಬಂದಿತ್ತು. ಆ ವರ್ಷಗಳಲ್ಲಿ ಊರಿನವರು ಏನು ತಿಂದರು, ಹೇಗೆ ಹಂಚಿಕೊಂಡರು ಅನ್ನುವುದು ಸರ್ಕಾರದ ವರದಿಗಳಿಗಿಂತ ಅಜ್ಜಿಯಂಥವರಿಗೆ ಚೆನ್ನಾಗಿ ಗೊತ್ತು.

ಹಾಗಂತ ನೆನಪಿನಲ್ಲಿ ಎಲ್ಲವೂ ಬರುತ್ತದೆ ಅಂತಲ್ಲ. ಕೆಲವನ್ನು ಹಿರಿಯರು ಹೇಳುವುದೇ ಇಲ್ಲ. 1950ರ ದಶಕದಲ್ಲಿ ಅಲಾಸ್ಕಾದ ಮೂಲನಿವಾಸಿಗಳಲ್ಲಿ ಕ್ಷಯ ಎಷ್ಟಿತ್ತೆಂದರೆ, ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಮಕ್ಕಳನ್ನು, ತಾಯಂದಿರನ್ನು ಎಲ್ಲೋ ದೂರದ ಆಸ್ಪತ್ರೆಗೆ ಒಯ್ದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಕೆಲವರು ವಾಪಸ್ ಬರಲಿಲ್ಲ. ಹಳ್ಳಿಯಲ್ಲಿ ಹೈಸ್ಕೂಲ್ ಇರಲಿಲ್ಲ, ಹದಿನಾಲ್ಕು ದಾಟಿದರೆ ದಕ್ಷಿಣದ ಸಿಟ್ಕಾದಲ್ಲೋ ಇನ್ನೂ ದೂರದ ಓರೆಗನ್‌ನಲ್ಲೋ ಹಾಸ್ಟೆಲ್ ಶಾಲೆ. ಮನೆಮಾತು ಆಡಿದರೆ ಏಟು. ಬೇಟೆಯ ವರ್ಷಗಳಲ್ಲಿ ಕಲಿಯಬೇಕಾದ ಮಕ್ಕಳು ಊರಲ್ಲೇ ಇರಲಿಲ್ಲ. ಇನ್ನು ಅಜ್ಜಿಯ ಅಜ್ಜಿಯರ ಕಾಲದ ಹಸಿವು. ಹೊರಗಿನ ಹಡಗುಗಳು 1848ರಿಂದ ಬಂದು ತಿಮಿಂಗಿಲ, ವಾಲ್ರಸ್ ಎರಡನ್ನೂ ಬಾಚಿದವು. 1878ರಿಂದ 80ರ ನಡುವೆ ದಕ್ಷಿಣಕ್ಕೆ ಬೇರಿಂಗ್ ಸಮುದ್ರದಲ್ಲಿರುವ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ಊರೂರೇ ಹಸಿವಿನಿಂದ, ರೋಗದಿಂದ ಖಾಲಿಯಾದವು. ಹೀಗಾಗಿ "ಬಡವರಾಗಿರಲಿಲ್ಲ" ಅನ್ನುವ ಮಾತಿನ ಹಿಂದೆ ಹಸಿವು ಕಂಡವರ ಮೊಮ್ಮಕ್ಕಳು ಇದ್ದಾರೆ. ಈ ವಿಷಯಗಳನ್ನು ನೀವಾಗಿ ಕೆದಕಬೇಡಿ. ಅವರಾಗಿ ಹೇಳಿದರೆ ಸುಮ್ಮನೆ ಕೇಳಿ. ಮಗಳು ನರ್ಸ್ ಆಗಿರುವುದರಿಂದ ಆಸ್ಪತ್ರೆಯ ಮಾತು ಅವಳ ಹತ್ತಿರ ಬಂದರೂ ಬರಬಹುದು.

ಬರೆದಿಡುವುದು ಹೇಗೆ ಅಂತ ಕೇಳಿದ್ದೀರಿ. "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂತ ಶುರು ಮಾಡಬೇಡಿ, ಅದಕ್ಕೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಏಪ್ರಿಲ್‌ನಿಂದ ಶುರು ಮಾಡಿ ತಿಂಗಳು ತಿಂಗಳಿಗೂ ಹೋಗಿ: ಈ ತಿಂಗಳಲ್ಲಿ ಬೆಳಿಗ್ಗೆ ಎದ್ದರೆ ಅಮ್ಮ ಏನು ಮಾಡುತ್ತಿದ್ದರು, ನಿಮ್ಮ ಕೈಗೆ ಯಾವ ಕೆಲಸ ಬರುತ್ತಿತ್ತು, ಯಾರ ಮನೆಗೆ ಪಾಲು ಕೊಟ್ಟು ಬರಲು ಕಳಿಸುತ್ತಿದ್ದರು. ಉಲು ಅನ್ನುವ ಅರ್ಧಚಂದ್ರದ ಚಾಕು ಅವರ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಕೈಗೆ ಕೊಟ್ಟು ಹೇಗೆ ಹಿಡಿಯುವುದು ಅಂತ ತೋರಿಸಿ ಅನ್ನಿ, ಮಾತು ತಾನೇ ಬರುತ್ತದೆ. ಇಂಗ್ಲಿಷಿನಲ್ಲಿ ತಡವರಿಸಿದ ಕಡೆ ಅವರ ಭಾಷೆಯಲ್ಲೇ ಹೇಳಲಿ, ಅದನ್ನು ಹಾಗೇ ರೆಕಾರ್ಡ್ ಮಾಡಿ. ಜಾಗದ ಹೆಸರು, ಗಾಳಿಯ ಹೆಸರು, ಮಂಜಿನ ಬಗೆ, ಇವು ನಿಮಗೆ ಅರ್ಥವಾಗದಿದ್ದರೂ ಅವರ ಮೊಮ್ಮಕ್ಕಳಿಗೆ ಬೇಕಾಗುತ್ತವೆ. ಹಳೆಯ ಊರು ಕಡಲ ಕೊರೆತಕ್ಕೆ ಸಿಕ್ಕಿ 1970ರ ದಶಕದಲ್ಲಿ ಒಳಗೆ ಸ್ಥಳಾಂತರವಾಯಿತು, ಹಾಗಾಗಿ ಅವರ ಮಣ್ಣಿನ ಮನೆ ಎಲ್ಲಿತ್ತು, ಅಕ್ಕಪಕ್ಕ ಯಾರಿದ್ದರು ಅಂತ ಒಂದು ಕಾಗದದ ಮೇಲೆ ಗೆರೆ ಎಳೆಸಿ.

ರೆಕಾರ್ಡ್ ಮಾಡುವ ಮುಂಚೆ ಅವರ ಮಕ್ಕಳಿಗೂ ತಿಳಿಸಿ. ಕೆಲವು ಕಥೆ ಒಂದು ಮನೆತನಕ್ಕೆ ಸೇರಿದ್ದು, ಹೊರಗೆ ಹೇಳುವಂತಿಲ್ಲ. ಬೇಡ ಅಂದರೆ ಅಳಿಸಿಬಿಡಿ. ಎಲ್ಲೂ ಹಾಕಬೇಡಿ, ನಿಮ್ಮ ವಾಟ್ಸಾಪ್ ಗುಂಪಿಗೂ ಬೇಡ. ಅಜ್ಜಿ ಮಕ್ಟಕ್ ಮುಂದಿಟ್ಟರೆ, ನೀವು ಮಾಂಸ ತಿನ್ನುವವರಾದರೆ ಅಲ್ಲೇ ಕೂತು ಒಂದು ತುಂಡು ತಿನ್ನಿ. ತಿನ್ನದವರಾದರೆ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ, ಹಣ್ಣು ಕೊಡುತ್ತಾರೆ. ತಿಮಿಂಗಿಲದ ಯಾವ ತುಂಡನ್ನೂ ಹಾಸನಕ್ಕೆ ತರಲು ಹೋಗಬೇಡಿ, ಎರಡೂ ದೇಶದ ಕಾನೂನಿಗೆ ವಿರುದ್ಧ. ರೆಕಾರ್ಡ್ ಮಾಡಿದ್ದರ ಮೊದಲ ಪ್ರತಿ ಅಜ್ಜಿಯ ಮನೆಗೆ. ಮನೆಯವರು ಒಪ್ಪಿದರೆ ಫೇರ್‌ಬ್ಯಾಂಕ್ಸ್‌ನಲ್ಲಿರುವ ಅಲಾಸ್ಕಾ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ವಿಭಾಗ ಇಂಥದ್ದನ್ನು ಜೋಪಾನ ಮಾಡುತ್ತದೆ. ಪಾಯಿಂಟ್ ಹೋಪ್ ಸೇರಿರುವ ನಾರ್ತ್ ಸ್ಲೋಪ್ ಬರೋ ಆಡಳಿತದಲ್ಲೂ ಇನ್ಯುಪಿಯಾಟ್ ಇತಿಹಾಸ, ಭಾಷೆ, ಸಂಸ್ಕೃತಿಗೆ ಅಂತಲೇ ಒಂದು ವಿಭಾಗ ಇದೆ. ಯಾವುದಕ್ಕೆ ಕೊಡಬೇಕು, ಯಾರು ಕೇಳಬಹುದು ಅನ್ನುವುದನ್ನು ಅವರೇ ತೀರ್ಮಾನಿಸಲಿ.